ಸೀಟೂ ಇಲ್ಲ, ಫ್ರೇಮೂ ಇಲ್ಲ: ಬರೀ ಗಾಲಿ ಮೇಲೆ ನಿಂತು ಓಡಿಸಲು ಆಗುತ್ತಾ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಒಂದು ವರ್ಷದಿಂದ ಒಂಟಿ ಗಾಲಿ ಸೈಕಲ್ ಓಡಿಸುತ್ತಿದ್ದಾನೆ. ಈಗ ಅದರ ಸೀಟು, ಫ್ರೇಮ್ ಎಲ್ಲ ಬಿಚ್ಚಿಹಾಕಿ ಬರೀ ಗಾಲಿ ಮೇಲೆ ನಿಂತು ಓಡಿಸುತ್ತೇನೆ ಅನ್ನುತ್ತಾನೆ. ಇದು ಆಗುವ ಮಾತಾ? ಇರುವ ಗಾಲಿಯನ್ನೇ ಬಿಚ್ಚಿಕೊಂಡರೆ ಸಾಕಾ, ಬೇರೆ ಮಾಡಿಸಬೇಕಾ? (ಗುಬ್ಬಿಯ ಓದುಗರೊಬ್ಬರು)

ಆಗುವ ಮಾತೇ. ಆದರೆ ಇರುವ ಗಾಲಿಯನ್ನು ಬಿಚ್ಚಿಕೊಂಡರೆ ಸಾಲದು. ಬೇರೆಯದೇ ಮಾಡಿಸಿ.

ಒಂಟಿ ಗಾಲಿ ಕಲಿತವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ನಾನೂ ಬಂದಿದ್ದೆ. ತುಮಕೂರಿನ ಶೆಟ್ಟಿಹಳ್ಳಿ ಕಡೆ ನಮ್ಮ ಅಡ್ಡರಸ್ತೆಗೆ ಹೊಸದಾಗಿ ಸಿಮೆಂಟ್ ಹಾಕಿದ್ದರು. ಬೇರಿಂಗ್ ಹಿಡಿದಿದ್ದ ನಾಲ್ಕು ಬೋಲ್ಟ್ ಬಿಚ್ಚಿ, ಫ್ರೇಮ್ ಪಕ್ಕಕ್ಕಿಟ್ಟು, ಕಾಂಪೌಂಡ್ ಗೋಡೆ ಹಿಡಿದು ಹತ್ತಿದೆ. ಗಾಲಿ ಒಂದು ಸುತ್ತೂ ಉರುಳಲಿಲ್ಲ. ಬಲಗಾಲು ಒತ್ತಿದರೆ ಬಲಕ್ಕೆ ಮಲಗುತ್ತಿತ್ತು, ಎಡಗಾಲು ಒತ್ತಿದರೆ ಎಡಕ್ಕೆ. ಹತ್ತು ದಿನ ಹೀಗೇ ಹೋಯಿತು. ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ತಾಗಿ ತಾಗಿ ಎರಡೂ ಕಾಲಿನ ಹರಡಿನ ಮೂಳೆ ಹತ್ತಿರ ಚರ್ಮ ಕಿತ್ತುಬಂತು. ನನಗೆ ಕಾಲು ಸರಿಯಾಗಿ ಕೂತಿಲ್ಲ ಅಂದುಕೊಂಡಿದ್ದೆ. ತೊಂದರೆ ಇದ್ದದ್ದು ಗಾಲಿಯಲ್ಲಿ.

ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ಒಳಪೆಡ್ಲು ನೆನಪಿಸಿಕೊಳ್ಳಿ. ಅಪ್ಪನ ದೊಡ್ಡ ಸೈಕಲ್‌ನ ಬಾರ್ ಕೆಳಗೆ ಬಲಗಾಲು ತೂರಿಸಿ, ಎಡಗಡೆ ನೇತಾಡುತ್ತಾ ತುಳಿಯುತ್ತಿದ್ದೆವಲ್ಲ, ಆಗ ಸೈಕಲ್ ನೇರವಾಗಿ ನಿಲ್ಲುತ್ತಿತ್ತಾ? ಇಲ್ಲ. ನಮ್ಮ ಮೈ ಎಡಕ್ಕೆ, ಸೈಕಲ್ ಬಲಕ್ಕೆ. ನಮ್ಮ ತೂಕ ಟೈರ್ ನೆಲಕ್ಕೆ ತಾಗುವ ಜಾಗದ ಮೇಲೆ ಬರಲಿ ಅಂತ ಸೈಕಲ್ ಆ ಕಡೆ ವಾಲಲೇಬೇಕು. ಬರೀ ಗಾಲಿಯಲ್ಲೂ ಇದೇ ನಡೆಯುತ್ತದೆ. ಆದರೆ ಪ್ರತಿ ಅರ್ಧ ಸುತ್ತಿಗೂ ದಿಕ್ಕು ಬದಲಾಗುತ್ತದೆ. ಬಲ ಪೆಡಲ್ ಒತ್ತಿದಾಗ ಗಾಲಿಯ ತಲೆ ಎಡಕ್ಕೆ ವಾಲಬೇಕು. ಎಡ ಪೆಡಲ್ ಒತ್ತಿದಾಗ ಬಲಕ್ಕೆ.

ಫ್ರೇಮ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಸೀಟನ್ನು ತೊಡೆ ಹಿಡಿದಿರುತ್ತದೆ, ಸೀಟು ಫ್ರೇಮನ್ನು, ಫ್ರೇಮ್ ಗಾಲಿಯನ್ನು. ಸೀಟು ಇರುವುದು ಕೂರಲು ಅಂತ ನಾವು ಅಂದುಕೊಂಡಿರುತ್ತೇವೆ. ಗಾಲಿ ಅಡ್ಡ ಬೀಳದ ಹಾಗೆ ಹಿಡಿಯುವ ಕೆಲಸವನ್ನೂ ಅದೇ ಮಾಡುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಆ ಕೆಲಸ ಪೂರ್ತಿ ಕಾಲಿಗೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಮಗನದು 20 ಇಂಚಿನ ಗಾಲಿ ಅಂತಿಟ್ಟುಕೊಳ್ಳಿ. ಪೆಡಲ್ ಮುಂದೆ ಬಂದು ಜೋರಾಗಿ ಒತ್ತುವ ಹೊತ್ತಿಗೆ ಅದು ನೆಲದಿಂದ ಸುಮಾರು 25 ಸೆಂ.ಮೀ. ಎತ್ತರದಲ್ಲಿರುತ್ತದೆ. ಮಾಮೂಲಿ ಒಂಟಿ ಗಾಲಿಯಲ್ಲಿ ಪೆಡಲ್‌ನ ಮಧ್ಯಭಾಗ ಗಾಲಿಯ ಮಧ್ಯದಿಂದ ಸುಮಾರು 13 ಸೆಂ.ಮೀ. ಆಚೆ ಇರುತ್ತದೆ. ಪೂರ್ತಿ ತೂಕ ಒಂದೇ ಪೆಡಲ್ ಮೇಲೆ ಬಿದ್ದರೆ ಗಾಲಿ 27 ಡಿಗ್ರಿ ವಾಲಬೇಕು. ಆ ಕಡೆ 27, ಈ ಕಡೆ 27, ಪ್ರತಿ ಸುತ್ತಿಗೆ. ಅದೇ 26 ಇಂಚಿನ ಗಾಲಿ ತೆಗೆದುಕೊಂಡು, ಪೆಡಲನ್ನು 7 ಸೆಂ.ಮೀ. ದೂರಕ್ಕೆ ತಂದರೆ 12 ಡಿಗ್ರಿ ಸಾಕು. ನಿಜಕ್ಕೂ ಓಡಿಸುವಾಗ ಇನ್ನೊಂದು ಕಾಲೂ ಸ್ವಲ್ಪ ತೂಕ ಹೊರುತ್ತದೆ, ಮೊಣಕಾಲಿನ ಒಳಭಾಗ ಗಾಲಿಗೆ ತಾಗಿ ತಡೆಯುತ್ತದೆ. ಹಾಗಾಗಿ ಇಷ್ಟು ವಾಲುವುದಿಲ್ಲ. ಆದರೂ ಎರಡಕ್ಕೂ ಇರುವ ವ್ಯತ್ಯಾಸ ಹಾಗೇ ಉಳಿಯುತ್ತದೆ. ಪೆಡಲ್ ಗಾಲಿಗೆ ಎಷ್ಟು ಹತ್ತಿರವೋ ಅಷ್ಟು ಸಲೀಸು. ಗಾಲಿ ಮಾಡಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಇಂಥ ಗಾಲಿಗೆ ಅಲ್ಟಿಮೇಟ್ ವ್ಹೀಲ್ ಅಂತ ಹೆಸರು. ಇಂಪಾಸಿಬಲ್ ವ್ಹೀಲ್ ಅಂತ ಇನ್ನೊಂದಿದೆ, ಅದು ಬೇರೆ. ಅದರಲ್ಲಿ ಪೆಡಲ್ ಇರುವುದಿಲ್ಲ. ಆ್ಯಕ್ಸಲ್‌ನಿಂದ ನೇತಾಡುವ ಎರಡು ತಗಡಿನ ಮೇಲೆ ನಿಂತು ಜಾರಿಕೊಂಡು ಹೋಗುವುದು, ಅಷ್ಟೇ. ನಿಮ್ಮ ಮಗ ಕೇಳುತ್ತಿರುವುದು ತುಳಿಯುವ ಗಾಲಿ.

ಈಗ ಮಾಡುವ ವಿಷಯ. ಕಡ್ಡಿ, ಹಬ್ (ಕಡ್ಡಿಗಳು ಸೇರುವ ನಡುವಿನ ಭಾಗ) ಎರಡೂ ಬೇಡ. ರಿಮ್ಮಿನ ಒಳಗೆ ಪ್ಲೈವುಡ್‌ನ ದುಂಡನೆಯ ಹಲಗೆ ಕೂರಿಸುತ್ತೇವೆ. ಇದರಿಂದ ಎರಡು ಲಾಭ. ಹಬ್ಬಿನ ಅಗಲ ಹೋಯಿತು, ಹಾಗಾಗಿ ಪೆಡಲ್ ಒಳಗೆ ಬರುತ್ತದೆ. ಇನ್ನೊಂದು, ಕಾಲು ಗಾಲಿಗೆ ಉಜ್ಜಿದರೂ ಕಡ್ಡಿಗೆ ಸಿಕ್ಕಿಕೊಳ್ಳುವ ಭಯ ಇಲ್ಲ. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗುಜರಿ ಅಂಗಡಿಯಲ್ಲಿ 26 ಇಂಚಿನ ಹಳೆಯ ರಿಮ್ ಸಿಗುತ್ತದೆ. ಬೆಂಡಾಗಿರಬಾರದು. ನೆಲದ ಮೇಲೆ ಮಲಗಿಸಿ ನೋಡಿ, ಸುತ್ತಲೂ ತಾಗಬೇಕು. 26 ಇಂಚು ಅನ್ನುವುದು ಟೈರ್ ಹಾಕಿದ ಮೇಲಿನ ಹೊರಗಿನ ಅಳತೆ. ರಿಮ್ಮಿನ ಒಳಗಿನ ಅಂಚು ಅದಕ್ಕಿಂತ ಚಿಕ್ಕದು, ಅದೂ ರಿಮ್ಮಿನಿಂದ ರಿಮ್ಮಿಗೆ ಬೇರೆ. ಹಾಗಾಗಿ ಟೇಪ್ ಹಿಡಿದು ನಾಲ್ಕೈದು ಕಡೆ ಒಳಗಿನ ಅಳತೆ ತೆಗೆಯಿರಿ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ತನ್ನಿ. ಅದರ ಮೇಲೆ ಐಎಸ್ 710 ಅಂತ ಮುದ್ರೆ ಇರಲಿ. ಅದು ನೀರಿಗೆ ಹೆದರದ ಮೆರೈನ್ ಪ್ಲೈ. ಮಾಮೂಲಿ ಪ್ಲೈ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪದರ ಬಿಟ್ಟುಕೊಂಡೀತು. ಬಡಗಿಗೆ ಹೇಳಬೇಕಾದ ಮುಖ್ಯ ಮಾತು: ಹಲಗೆ ರಿಮ್ಮಿನೊಳಗೆ ಬಿಗಿಯಾಗಿ ಕೂರಬೇಕು, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸುವಷ್ಟು. ನಮ್ಮ ತೂಕ ಪೆಡಲ್‌ನಿಂದ ಹಲಗೆಗೆ, ಹಲಗೆಯಿಂದ ರಿಮ್ಮಿಗೆ ಹೋಗುತ್ತದೆ. ಸಡಿಲ ಇದ್ದರೆ ಆ ತೂಕವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ. ಪ್ಲೈ ಅಂಚಿನಲ್ಲಿ ಸ್ಕ್ರೂ ಹಿಡಿತ ಅಷ್ಟು ಗಟ್ಟಿ ಅಲ್ಲ. ಸ್ಕ್ರೂ ಇರುವುದು ಹಲಗೆ ಅಲುಗದಿರಲಿ ಅಂತ ಮಾತ್ರ. ಕಡ್ಡಿಯ ತೂತುಗಳಲ್ಲಿ ಎರಡು ಬಿಟ್ಟು ಒಂದಕ್ಕೆ ಹಾಕಿದರೆ ಸಾಕು. 36 ತೂತಿನ ರಿಮ್ಮಿಗೆ 12 ಸ್ಕ್ರೂ. ಮೊದಲು ಸಣ್ಣ ಬಿಟ್‌ನಿಂದ ತೂತು ಹೊಡೆದು ಆಮೇಲೆ ತಿರುಗಿಸಿ, ಇಲ್ಲದಿದ್ದರೆ ಪ್ಲೈ ಸೀಳುತ್ತದೆ. ಸ್ಕ್ರೂ ತಲೆ ಟ್ಯೂಬ್‌ಗೆ ಚುಚ್ಚದ ಹಾಗೆ ಮೇಲೆ ಎರಡು ಸುತ್ತು ರಿಮ್ ಟೇಪ್ ಹಾಕಿ.

ಇನ್ನು ಪೆಡಲ್ ಕೂರಿಸುವುದು. ಇದರಲ್ಲೇ ಹೆಚ್ಚಿನವರು ಎಡವುತ್ತಾರೆ. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಎರಡು ಕಬ್ಬಿಣದ ಪಟ್ಟಿ ಬೇಕು. ಉದ್ದ ಸುಮಾರು 30 ಸೆಂ.ಮೀ. ಜೊತೆಗೆ ಹಳೆಯ ಸ್ಟೀಲ್ ಕ್ರ್ಯಾಂಕ್ ಒಂದು ಜೊತೆ. ಅಲ್ಯೂಮಿನಿಯಂ ಕ್ರ್ಯಾಂಕ್ ಬೇಡ, ಅದು ಕಬ್ಬಿಣಕ್ಕೆ ವೆಲ್ಡ್ ಆಗುವುದಿಲ್ಲ. ಕ್ರ್ಯಾಂಕ್‌ನ ತುದಿಯಲ್ಲಿ ಪೆಡಲ್ ತಿರುಗಿ ಕೂರುವ ಕಣ್ಣು ಇರುತ್ತದಲ್ಲ, ಅದನ್ನಷ್ಟೇ ಕತ್ತರಿಸಿಕೊಂಡು ಪಟ್ಟಿಯ ತುದಿಗೆ ವೆಲ್ಡ್ ಮಾಡಿಸಬೇಕು. ಹೊರಗಿನ ಮುಖ ಪಟ್ಟಿಗೆ ಸಮನಾಗಿರಲಿ. ಉಳಿದ ದಪ್ಪ ಒಳಗಡೆಗೆ, ಅಂದರೆ ಪ್ಲೈನಲ್ಲಿ ಕೊರೆದ ತೂತಿನೊಳಗೆ ಹೋಗಿ ಕೂರುತ್ತದೆ. ಹೀಗೆ ಹುದುಗಿಸಿದರೇನೇ ಆ 7 ಸೆಂ.ಮೀ. ಸಿಗುವುದು. ಕ್ರೋಮ್ ಲೇಪ ಇದ್ದರೆ ವೆಲ್ಡಿಂಗ್‌ಗೆ ಮೊದಲು ಗ್ರೈಂಡರ್‌ನಿಂದ ತೆಗೆಸಿ, ಮುಖಕ್ಕೆ ಮಾಸ್ಕ್ ಇರಲಿ. ಅದರ ಹೊಗೆ, ಪುಡಿ ಎರಡೂ ಒಳ್ಳೆಯದಲ್ಲ.

ಒಂದು ಪಟ್ಟಿ ಹಲಗೆಯ ಬಲಕ್ಕೆ, ಇನ್ನೊಂದು ಎಡಕ್ಕೆ, ಕಣ್ಣುಗಳು ಎದುರು ಬದುರು ತುದಿಯಲ್ಲಿ. ನಡುವೆ ಹಲಗೆ. ಮೂರನ್ನೂ ಸೇರಿಸಿ ನಾಲ್ಕು 8 ಮಿ.ಮೀ. ಬೋಲ್ಟ್, ಸಡಿಲವಾಗದ ನೈಲಾಕ್ ನಟ್. ಬೋಲ್ಟ್ ತಲೆ ದುಂಡಗಿರಲಿ, ನಟ್‌ನಿಂದಾಚೆ ಚಾಚಿದ್ದನ್ನು ಕತ್ತರಿಸಿ ಉಜ್ಜಿ, ಪ್ಯಾಂಟ್ ಸಿಕ್ಕಿಕೊಳ್ಳುವುದು ಅಲ್ಲೇ. ಕಣ್ಣಿನಿಂದ ಗಾಲಿಯ ಮಧ್ಯಕ್ಕೆ 125 ಮಿ.ಮೀ. ಇಟ್ಟರೆ ಕಲಿಯುವವರಿಗೆ ಹದವಾಗಿರುತ್ತದೆ ಅನ್ನುವುದು ನನ್ನ ಅನುಭವ. ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾರ ಹಿಡಿದರೆ ಅದು ಸರಿಯಾಗಿ ಮಧ್ಯದ ಮೇಲೆ ಹಾಯಬೇಕು. ಎರಡು ಮಿ.ಮೀ. ಆಚೀಚೆ ಆದರೂ ತುಳಿಯುವಾಗ ಕುಂಟಿದ ಹಾಗೆ ಅನ್ನಿಸುತ್ತದೆ.

ಪೆಡಲ್ ಥ್ರೆಡ್ ಬಗ್ಗೆ ದಯವಿಟ್ಟು ಎಚ್ಚರ. ಬಲಗಡೆಯದು ಮಾಮೂಲಿ ಥ್ರೆಡ್, ಎಡಗಡೆಯದು ಉಲ್ಟಾ ಥ್ರೆಡ್. ಪೆಡಲ್ ಮೇಲೆ ಆರ್, ಎಲ್ ಅಂತ ಕೊರೆದಿರುತ್ತಾರೆ. ವರ್ಕ್‌ಶಾಪ್‌ನಿಂದ ತಂದ ಗಾಲಿಯನ್ನು ನಾನು ಎಡ ಬಲ ಅದಲು ಬದಲಾಗಿ ಹಿಡಿದು ಹತ್ತುತ್ತಿದ್ದೆ. ಗಮನಿಸಲೇ ಇಲ್ಲ. ಮೂರನೇ ದಿನ ಓಡುತ್ತಿರುವಾಗಲೇ ಎಡ ಪೆಡಲ್ ಬಿಚ್ಚಿಕೊಂಡು ಬಂತು, ಮೊಣಕೈ ಊರಿ ಬಿದ್ದೆ. ಆಮೇಲೆ ಗಾಲಿಯ ಎರಡೂ ಮುಖಕ್ಕೆ ದೊಡ್ಡದಾಗಿ ‘ಬಲ’, ‘ಎಡ’ ಅಂತ ಪೇಂಟ್‌ನಲ್ಲಿ ಬರೆದೆ. ಫ್ರೇಮ್ ಇಲ್ಲದ ಗಾಲಿಗೆ ಹಿಂದು ಮುಂದು ಗೊತ್ತಾಗುವುದಿಲ್ಲ. ತಿರುಗಿಸಿ ಹತ್ತಿದರೆ ಇದೇ ಅಪಾಯ. ನೀವೂ ಬರೆದುಬಿಡಿ.

ಟೈರ್ ನುಣುಪಾದದ್ದು ಹಾಕಿ. ಗುಬುಟು ಗುಬುಟು ಇರುವ ಟೈರ್ ಕಾಲನ್ನು ಅರದಂತೆ ಉಜ್ಜುತ್ತದೆ. ಹಲಗೆಗೆ ಉಪ್ಪುಕಾಗದ ಹೊಡೆದು ಎರಡು ಕೋಟ್ ವಾರ್ನಿಷ್ ಸಾಕು.

ಕಾಲಿಗೆ ರಕ್ಷಣೆ ಬೇಕೇ ಬೇಕು. ಗಾಲಿಯ ತಲೆ ಮೊಣಕಾಲಿನವರೆಗೂ ಬರುತ್ತದೆ, ಎರಡೂ ಮೀನಖಂಡಕ್ಕೆ ಉಜ್ಜುತ್ತಲೇ ಇರುತ್ತದೆ. ಫುಟ್‌ಬಾಲ್ ಆಡುವವರ ಶಿನ್ ಗಾರ್ಡ್ ಕೊಂಡು, ಮುಂದಕ್ಕೆ ಕಟ್ಟುವ ಬದಲು ಕಾಲಿನ ಒಳಭಾಗಕ್ಕೆ ಕಟ್ಟಿ. ಮೇಲೆ ಉದ್ದ ಸಾಕ್ಸ್. ಶೂ ಲೇಸ್ ಒಳಗೆ ಸಿಕ್ಕಿಸಿ. ಹೆಲ್ಮೆಟ್ ಇರಲಿ, ಮಣಿಕಟ್ಟಿನ ಗಾರ್ಡ್ ಕೂಡ.

ಕಲಿಯುವ ಮೊದಲು ಒಂದು ಪರೀಕ್ಷೆ. ಇರುವ ಒಂಟಿ ಗಾಲಿಯಲ್ಲೇ ಸೀಟು ತಾಗಿಸದೆ, ಪೆಡಲ್ ಮೇಲೆ ನಿಂತುಕೊಂಡು 50 ಮೀಟರ್ ಹೋಗಲಿ. ಅದು ಬಂದರೆ ಅವನು ತಯಾರು. ಬರದಿದ್ದರೆ ಸುಮ್ನೆ ಆತುರ ಬೇಡ, ಅದನ್ನೇ ಇನ್ನೊಂದು ತಿಂಗಳು ಮಾಡಲಿ.

ಜಾಗ ಸಮತಟ್ಟಾಗಿರಲಿ, ಸಿಮೆಂಟ್ ನೆಲವಾಗಲಿ, ಒಂದು ಪಕ್ಕ ಗೋಡೆ ಇರಲಿ. ಬ್ಯಾಸ್ಕೆಟ್‌ಬಾಲ್ ಅಂಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮಣ್ಣಿನ ಮೈದಾನದಲ್ಲಿ ಗಾಲಿ ತಡೆಯುತ್ತದೆ, ಕಲಿಯುವವರಿಗೆ ಕಷ್ಟ. ತುಮಕೂರಿನ ಅಮಾನಿಕೆರೆ ದಂಡೆಯಂಥ ಕಡೆ ಬೇಡ, ವಾಕ್ ಬರುವವರು ಜಾಸ್ತಿ. ನಾವು ಇಳಿದುಬಿಟ್ಟರೂ ಗಾಲಿ ಒಂದೇ ಉರುಳಿಕೊಂಡು ಹೋಗಿ ಯಾರದೋ ಕಾಲಿಗೆ ಹೊಡೆಯುತ್ತದೆ. ಇಳಿಜಾರು, ವಾಹನ ಓಡಾಡುವ ರಸ್ತೆ ಎರಡೂ ಕೂಡದು. ಇದಕ್ಕೆ ಬ್ರೇಕ್ ಇಲ್ಲ, ಪೆಡಲ್ ನಿಲ್ಲಿಸಿ ಜಾರುವ ಹಾಗೂ ಇಲ್ಲ.

ಹತ್ತುವಾಗ ಗೋಡೆ ಹಿಡಿದು, ಕೆಳಗೆ, ಸ್ವಲ್ಪ ಹಿಂದಕ್ಕಿರುವ ಪೆಡಲ್ ಮೇಲೆ ಮೊದಲ ಕಾಲಿಡಬೇಕು. ಆಮೇಲೆ ಮೇಲಿನ ಪೆಡಲ್‌ಗೆ ಇನ್ನೊಂದು ಕಾಲು. ಪೆಡಲ್‌ಗಳು ನೆಟ್ಟಗೆ ಮೇಲೆ ಕೆಳಗೆ ಬಂದಾಗ ಎಷ್ಟು ಒತ್ತಿದರೂ ಗಾಲಿ ತಿರುಗುವುದಿಲ್ಲ. ಆ ಜಾಗ ದಾಟುವುದು ಓಟದ ರಭಸದಿಂದಲೇ. ಹಾಗಾಗಿ ನಿಧಾನ ಮಾಡಿದಷ್ಟೂ ಕಷ್ಟ. ಮೇಲೇಳುವ ಕಾಲನ್ನು ಹಗುರ ಬಿಡಬೇಕು. ಆ ಕಾಲು ಅರಿವಿಲ್ಲದೆ ಒತ್ತುತ್ತಲೇ ಇರುವುದು ಎಲ್ಲರೂ ಮಾಡುವ ತಪ್ಪು. ಕಣ್ಣು ಹತ್ತು ಹದಿನೈದು ಅಡಿ ಮುಂದೆ ಇರಲಿ, ಗಾಲಿ ನೋಡಿದರೆ ಬಿದ್ದ ಹಾಗೆಯೇ.

ಇನ್ನೊಂದು. ಗಾಲಿ ಎಡಕ್ಕೆ ಬಲಕ್ಕೆ ತೂಗಾಡುವುದನ್ನು ನಿಲ್ಲಿಸಲು ಹೋಗಬೇಡ ಅಂತ ಅವನಿಗೆ ಹೇಳಿ. ಮೊಣಕಾಲಿನಿಂದ ಅದನ್ನು ಇಕ್ಕಳದಂತೆ ಹಿಡಿದರೆ ತೊಡೆ ಎರಡೇ ನಿಮಿಷದಲ್ಲಿ ಸೋಲುತ್ತದೆ, ಗಾಲಿಯೂ ಉರುಳುವುದಿಲ್ಲ. ಅದು ತೂಗಬೇಕು. ಒಳಪೆಡ್ಲು ತುಳಿಯುವಾಗ ಸೈಕಲ್ ಯಾಕೆ ವಾಲುತ್ತಿದೆ ಅಂತ ನಾವು ತಡೆದೆವಾ? ಇಲ್ಲ ಅಲ್ವಾ? ನನಗೆ ಮೊದಲ ಐದು ಸುತ್ತು ಒಟ್ಟಿಗೆ ಬಂದದ್ದು ಮೊಣಕಾಲು ಸಡಿಲ ಬಿಟ್ಟ ದಿನ. ಹಲಗೆಯ ಗಾಲಿ ಮಾಡಿಸಿದ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಅದು ಹದಿನೆಂಟನೇ ದಿನ. ಒಂದು ಸುತ್ತಿಗೆ 2 ಮೀಟರ್ ಸ್ವಲ್ಪ ಹೆಚ್ಚು. ಗೋಡೆ ಬಿಟ್ಟು ಹತ್ತು ಮೀಟರ್ ಬಂದಿದ್ದೆ. ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತವರು ‘ಇನ್ನೊಂದ್ಸಲ ಬಾಪ್ಪಾ, ನೋಡೋಣ’ ಅಂದರು.

ಬೀಳುವ ವಿಷಯದಲ್ಲಿ ನಿಮಗೆ ಜಾಸ್ತಿ ಚಿಂತೆ ಬೇಡ. ಕಾಲಿಗೆ ತೊಡರಲು ಫ್ರೇಮ್ ಇಲ್ಲ, ಸೀಟಿಲ್ಲ. ಹಿಂದಕ್ಕೆ ಇಳಿದುಬಿಟ್ಟರೆ ಗಾಲಿ ತಾನೇ ಮುಂದಕ್ಕೆ ಹೋಗುತ್ತದೆ. ನಿಮ್ಮಿಂದ ಆಗಬೇಕಾದದ್ದು ಒಂದೇ: ಮೊದಲ ವಾರ ಪ್ರತಿ ದಿನ, ಆಮೇಲೆ ವಾರಕ್ಕೊಮ್ಮೆ ಸ್ಪ್ಯಾನರ್ ಹಿಡಿದು ಆ ನಾಲ್ಕು ಬೋಲ್ಟ್, ಎರಡು ಪೆಡಲ್ ಬಿಗಿ ಇವೆಯಾ ನೋಡಿ. ವೆಲ್ಡಿಂಗ್ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಅವತ್ತೇ ನಿಲ್ಲಿಸಿ, ಬಿಚ್ಚಿಕೊಂಡು ಹೋಗಿ ಹೊಸದಾಗಿ ಹಾಕಿಸಿ.