ಖಾತೆ ತೆರೆಯದೆ ಫೋಟೊ ನೋಡಿದರೂ ನಮ್ಮ ಗುರುತು ಹೋಗುತ್ತದೆಯೇ?

ಪ್ರಶ್ನೆ: ಗವಿಮಠದ ಜಾತ್ರೆಯ ತೇರಿನ ಫೋಟೊಗಳನ್ನು ಪರಿಚಿತರೊಬ್ಬರು ಫೋಟೊ ಹಂಚುವ ತಾಣವೊಂದಕ್ಕೆ ಹಾಕಿ ಲಿಂಕ್ ಕಳಿಸಿದ್ದರು. ನಾನು ಖಾತೆ ತೆರೆಯದೆ ಬರೀ ನೋಡಿದೆ. ಆದರೂ ನನ್ನ ಮಾಹಿತಿ ಹೋಗಿರುತ್ತದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಸ್ವಲ್ಪಮಟ್ಟಿಗೆ ಹೋಗಿರುತ್ತದೆ. ಫೋಟೊ ಪರದೆಯ ಮೇಲೆ ಮೂಡಬೇಕಾದರೆ ನಿಮ್ಮ ಫೋನ್ ಅದನ್ನು ತಾಣದ ಸರ್ವರ್‌ನಿಂದ ಕೇಳಿ ಪಡೆಯಬೇಕು. ಹಾಗೆ ಕೇಳುವಾಗ ತನ್ನ ಐಪಿ ವಿಳಾಸವನ್ನೂ (ಇಂಟರ್ನೆಟ್‌ನಲ್ಲಿ ಉತ್ತರ ಎಲ್ಲಿಗೆ ಕಳಿಸಬೇಕೆಂದು ತಿಳಿಸುವ ಸಂಖ್ಯೆ) ಬ್ರೌಸರ್ ಯಾವುದೆಂಬುದನ್ನೂ ತಿಳಿಸಿಯೇ ಕೇಳುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. (ಮೊಬೈಲ್ ಡೇಟಾ ಬಳಸುವಾಗ ಈ ವಿಳಾಸವು ಕೊಪ್ಪಳದವರನ್ನು ಬೆಂಗಳೂರಿನವರೆಂದು ತೋರಿಸುವುದೂ ಉಂಟು.)

ಗುಟ್ಟಿರುವುದು ಅದೇ ಪುಟದಲ್ಲಿ ಅಡಗಿಸಿಟ್ಟಿರಬಹುದಾದ ಇನ್ನೊಂದು ಚಿತ್ರದಲ್ಲಿ. ಅಗಲ ಒಂದು ಪಿಕ್ಸೆಲ್, ಎತ್ತರ ಒಂದು ಪಿಕ್ಸೆಲ್, ಬಣ್ಣವೇ ಇಲ್ಲದ ಚುಕ್ಕೆ ಅದು. ತೇರಿನತ್ತ ಎಸೆದ ಉತ್ತತ್ತಿಯನ್ನಾದರೂ ಆ ಫೋಟೊದಲ್ಲಿ ಹುಡುಕಬಹುದು, ಇದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯವಾಗಿ ಜಾಹೀರಾತು ಕಂಪನಿಯ ಸರ್ವರ್‌ನಿಂದ ಬರುವ ಈ ಚುಕ್ಕೆ, ಕುಕೀ ಎಂಬ ಗುರುತಿನ ಚೀಟಿಯೊಂದನ್ನು ನಿಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುತ್ತದೆ. ನಾಳೆ ನೀವು ಚಪ್ಪಲಿ ಕೊಳ್ಳಲು ಬೇರೊಂದು ತಾಣಕ್ಕೆ ಹೋದಾಗ, ಅಲ್ಲಿಯೂ ಅದೇ ಕಂಪನಿಯ ಚುಕ್ಕೆಯಿದ್ದರೆ, ತೇರು ನೋಡಿದವರೂ ಚಪ್ಪಲಿ ನೋಡುತ್ತಿರುವವರೂ ಒಬ್ಬರೇ ಎಂಬುದು ಅದಕ್ಕೆ ತಿಳಿದುಬಿಡುತ್ತದೆ. ಇದಕ್ಕೆ ನಿಮ್ಮ ಹೆಸರೇ ಬೇಕಾಗಿಲ್ಲ. ಒಪ್ಪಿಗೆ ಪಡೆಯಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ಆದರೆ ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಓದದೆ ಒತ್ತುವವರೇ ನಮ್ಮಲ್ಲಿ ಹೆಚ್ಚು. ಒಂದು ತಾಣದಲ್ಲಿ ಇಟ್ಟ ಇಂತಹ ಚೀಟಿಯನ್ನು ಇನ್ನೊಂದರಲ್ಲಿ ಓದಲಾಗದಂತೆ ಸಫಾರಿ ಮತ್ತು ಫೈರ್‌ಫಾಕ್ಸ್ ತಾವಾಗಿಯೇ ತಡೆಯುತ್ತವೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಥರ್ಡ್ ಪಾರ್ಟಿ ಕುಕೀಗಳನ್ನು, ಅಂದರೆ ನೀವು ತೆರೆದ ತಾಣದ್ದಲ್ಲದ ಬೇರೆ ಕಂಪನಿಗಳ ಚೀಟಿಗಳನ್ನು, ನೀವೇ ತಡೆಯುವುದು ಒಳ್ಳೆಯದು.

ನಿಜ ಹೇಳಬೇಕೆಂದರೆ, ನೋಡಿದ ನಿಮಗಿಂತ ಫೋಟೊ ಹಾಕಿದವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯ ಫೋಟೊ ತೆಗೆದು ಅದರ ವಿವರವನ್ನು ತೆರೆದು ನೋಡಿದೆ: ದಿನಾಂಕ, ಗಂಟೆ, ಫೋನಿನ ಮಾದರಿ, ಅವುಗಳ ಕೆಳಗೆ 15.35 ಮತ್ತು 76.15 ಎಂದು ಆರಂಭವಾಗಿ ಇನ್ನೂ ಮುಂದುವರಿಯುವ ಅಕ್ಷಾಂಶ, ರೇಖಾಂಶ. ದಶಮಾಂಶದ ನಾಲ್ಕನೆಯ ಅಂಕಿಯು ಸುಮಾರು 11 ಮೀಟರ್‌ಗೆ ಸಮ, ಅಂದರೆ ಊರನ್ನಷ್ಟೇ ಅಲ್ಲ, ಮನೆಯನ್ನೇ ತೋರಿಸುತ್ತದೆ. ಎಕ್ಸಿಫ್ ಎಂಬ ಈ ಮಾಹಿತಿಯನ್ನು ಕೆಲವು ತಾಣಗಳು ನೋಡುಗರಿಗೆ ಕಾಣದಂತೆ ಅಳಿಸುತ್ತವೆ, ಅಷ್ಟರಿಂದಲೇ ತಾವೂ ಓದಿಕೊಂಡಿಲ್ಲವೆಂದು ಅರ್ಥವಲ್ಲ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದು ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಲು ನಿಮ್ಮ ಪರಿಚಿತರಿಗೆ ತಿಳಿಸಿ. ಈಗಾಗಲೇ ತೆಗೆದ ಫೋಟೊಗಳಲ್ಲಿ ಮಾತ್ರ ಆ ಅಂಕಿಗಳು ಹಾಗೆಯೇ ಇರುತ್ತವೆ, ಅವನ್ನು ಬೇರೆಯಾಗಿಯೇ ಅಳಿಸಬೇಕು.