ಫೈಲಿನ ತಾರೀಕು, ಹೊಲದ ತಾರೀಕು

ಕ್ಯಾನ್ಸರ್ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತೆಯ ಕೆಲಸ ನನ್ನದು. ಮೇಜಿನ ಮೇಲೆ ಆಸ್ಪತ್ರೆಯ ಕ್ಯಾಲೆಂಡರ್ ಸದಾ ಇರುತ್ತದೆ. ಬೇಸಾಯದ ಮನೆಯವರು ಬಂದರೆ ಡ್ರಾಯರಿನಿಂದ ಇನ್ನೊಂದು ತೆಗೆಯುತ್ತೇನೆ. ಅದರಲ್ಲಿ ಏನೂ ಬರೆದಿರುವುದಿಲ್ಲ. ಬಿತ್ತನೆ ಯಾವಾಗ, ಕಟಾವು ಯಾವಾಗ, ಯಾವ ಹಸು ಗಬ್ಬ ಇದೆ, ಯಾವಾಗ ಈಯುತ್ತೆ ಅಂತ ಕೇಳಿ ಅವರ ಕೈಯಲ್ಲೇ ಬರೆಸುತ್ತೇನೆ. ಕಾಯಿಲೆ ಬಗ್ಗೆ ಮಾತಾಡಲು ಬಂದವರು ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಮಾತು ನಿಲ್ಲುವುದೇ ಇಲ್ಲ.

ಈ ಅಭ್ಯಾಸ ಶುರುವಾಗಿದ್ದು ಒಬ್ಬ ರೈತರಿಂದ. ಮೂರನೇ ಕಿಮೋಗೆ ಅವರು ಬರಲಿಲ್ಲ. ಫೋನ್ ಮಾಡಿದೆ. "ಕಟಾವಿಗೆ ಬಂದಿದೆ ಮೇಡಂ, ಮೋಡ ಬೇರೆ ಕಟ್ಟಿದೆ. ಇದೊಂದು ಮುಗಿಸಿ ಬಂದುಬಿಡ್ತೀನಿ" ಅಂದರು. ವಾರ್ಡಿನಲ್ಲಿ ಎಲ್ಲರೂ ಉಡಾಫೆ ಅಂದರು. ನಾನೂ ಅಂದೆ. ಆದರೆ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮಳೆಗೆ ಸಿಕ್ಕ ಬೆಳೆ ಕಣ್ಣೆದುರೇ ಹಾಳಾಗುತ್ತದೆ. ತಡವಾದ ಕಿಮೋ ಒಳಗೆ ಏನು ಮಾಡುತ್ತದೆ ಅಂತ ಯಾರಿಗೆ ಕಾಣುತ್ತದೆ?

ಹಲವು ಕಿಮೋಗಳನ್ನು 14 ಅಥವಾ 21 ದಿನಕ್ಕೊಮ್ಮೆ ಕೊಡುವುದಕ್ಕೆ ಕಾರಣ ಇದೆ. ಮೈಯ ಒಳ್ಳೆಯ ಜೀವಕೋಶಗಳು ಚೇತರಿಸಿಕೊಳ್ಳುವಷ್ಟು ಬಿಡುವು ಬೇಕು, ಕ್ಯಾನ್ಸರ್ ಕೋಶಗಳು ಮತ್ತೆ ಚಿಗುರುವಷ್ಟು ಬಿಡುವು ಸಿಗಬಾರದು. ಕಳೆ ಕೀಳುವವರಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಆ ರೈತರಿಗೂ ಅರ್ಥವಾಗಿತ್ತು. ಕಟಾವಿನ ಆ ದಿನಗಳಲ್ಲಿ ತನ್ನ ಬದಲು ಹೊಲದಲ್ಲಿ ನಿಲ್ಲುವವರು ಇರಲಿಲ್ಲ, ಅಷ್ಟೇ.

ಹಾಗಂತ ಅವರಿಗೆ ಜನವೇ ಇರಲಿಲ್ಲ ಅಂತಲ್ಲ. ಕಾಯಿಲೆ ಗೊತ್ತಾದ ವಾರ ಮನೆ ತುಂಬಾ ಜನ. ಹೋಗುವಾಗ ಎಲ್ಲರೂ "ಏನಾದ್ರೂ ಬೇಕಾದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ" ಅಂದಿದ್ದರು. ಮನಸ್ಸಿನಿಂದಲೇ ಅಂದಿದ್ದರು. ಆದರೆ ಏನು ಬೇಕು ಅಂತ ಆ ಮನೆಯವರೇ ಯೋಚಿಸಬೇಕು, ಯಾರನ್ನು ಕೇಳುವುದು ಅಂತ ಅವರೇ ಆರಿಸಬೇಕು, ಆಮೇಲೆ ಬಾಯಿಬಿಟ್ಟು ಕೇಳಬೇಕು. ಒಂದು ಆಳು ಪಡೆದರೆ ಒಂದು ಆಳು ತೀರಿಸಿ ಬದುಕಿದವರಿಗೆ, ತೀರಿಸಲಾಗದ ಮುಯ್ಯಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವರು ಕೇಳುವುದಿಲ್ಲ. ಅದರ ಬದಲು "ಗುರುವಾರ ಬೆಳಗ್ಗೆ ಹಾಲು ಕರೆಯೋಕೆ ನಾನು ಬರ್ತೀನಿ, ಕೊಟ್ಟಿಗೆ ಬೀಗದ ಕೈ ಎಲ್ಲಿಟ್ಟಿರ್ತೀರಿ?" ಅನ್ನಿ. ಬೇಡದಿದ್ದರೆ ಬೇಡ ಅಂತಾರೆ. ಹೆಚ್ಚಿನವರು ಬೀಗದ ಕೈ ಇರುವ ಜಾಗ ಹೇಳುತ್ತಾರೆ.

ಕೊಟ್ಟಿಗೆಯ ಮಾತು ಬಂತಲ್ಲ, ಅಲ್ಲಿಂದಲೇ ಹೇಳುತ್ತೇನೆ. ಆಫೀಸಿನವರು ಕಾಯಿಲೆಗೆ ರಜೆ ಹಾಕಬಹುದು. ದಿನಕ್ಕೆ ಎರಡು ಸಲ ಕರೆದು ಅಭ್ಯಾಸವಾದ ಹಸುವನ್ನು ಒಂದು ಹೊತ್ತು ಬಿಟ್ಟರೂ ಕೆಚ್ಚಲು ಬಿಗಿಯುತ್ತದೆ. ಹಾಗೇ ಬಿಟ್ಟರೆ ಕೆಚ್ಚಲು ಬಾವು ಬರಬಹುದು. ಯಾರೋ ಬಂದು ಕರೆದರಾಯ್ತು ಅನ್ನುವ ಹಾಗೂ ಇಲ್ಲ. ಹೊಸ ಕೈ ಕಂಡು ಹೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಅನ್ನುವ ಗಾಬರಿಯ ಹಾರ್ಮೋನ್ ಏರುತ್ತದೆ. ಹಾಲು ಇಳಿಸುವ ಹಾರ್ಮೋನ್ ಆಕ್ಸಿಟೋಸಿನ್ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ದಿನಕ್ಕೊಬ್ಬರಂತೆ ಏಳು ಜನ ಬಂದರೆ ಹಸುವಿಗೆ ಏಳು ಸಲ ಗಾಬರಿ. ಇಬ್ಬರು ಸಾಕು. ರೋಗಿ ಇನ್ನೂ ಓಡಾಡಿಕೊಂಡಿರುವಾಗಲೇ ಅವರ ಪಕ್ಕದಲ್ಲಿ ಕೂತು ಒಂದು ವಾರ ಕರೆದು, ಹಸುವಿಗೆ ಪರಿಚಯವಾಗಬೇಕು.

ಒಂದು ಮನೆಯಲ್ಲಿ ಹೀಗಾಯಿತು. ರೈತರು ಆಪರೇಷನ್ ಥಿಯೇಟರಿನಲ್ಲಿದ್ದರು. ನೆರೆಮನೆಯ ಹುಡುಗ ಬೆಳಗ್ಗೆ ಎದ್ದು ಹೋಗಿ ಎಲ್ಲ ಹಸುಗಳನ್ನೂ ಕರೆದು ಒಂದೇ ಕ್ಯಾನಿಗೆ ಸುರಿದ. ಅದರಲ್ಲಿ ಒಂದು ಹಸುವಿಗೆ ಎರಡು ದಿನದ ಹಿಂದೆ ಆಂಟಿಬಯಾಟಿಕ್ ಕೊಟ್ಟಿದ್ದರು. ಔಷಧದ ಚೀಟಿಯಲ್ಲಿ ಹೇಳಿದಷ್ಟು ದಿನ ಅಂಥ ಹಸುವಿನ ಹಾಲು ಮಾರುವಂತಿಲ್ಲ. ಯಾವ ಹಸು ಅಂತ ಗೊತ್ತಿದ್ದದ್ದು ಮಂಪರಿನಲ್ಲಿದ್ದ ಆ ಮನುಷ್ಯನಿಗೆ ಮಾತ್ರ. ಅಷ್ಟೂ ಹಾಲು ಚೆಲ್ಲಬೇಕಾಯಿತು. ಹುಡುಗ ಅತ್ತುಬಿಟ್ಟನಂತೆ. ಹಸುವಿನ ಕಾಲಿಗೆ ಒಂದು ಬಣ್ಣದ ಟೇಪು ಕಟ್ಟಿದ್ದರೆ ಸಾಕಿತ್ತು.

ಬೇಸಾಯದ ಅರ್ಧ ಇರುವುದು ಬೇಸಾಯ ಮಾಡುವವರ ತಲೆಯಲ್ಲಿ. ಯಾವ ವಾಲ್ವ್ ತಿರುಗಿಸಿದರೆ ಯಾವ ತಾಕಿಗೆ ನೀರು, ಮೋಟಾರ್ ಟ್ರಿಪ್ ಆದರೆ ಏನು ಮಾಡಬೇಕು, ಯಾವ ಹಸು ಒದೆಯುತ್ತದೆ, ಬೀಜ ಎಲ್ಲಿದೆ, ಯಾರಿಗೆ ಎಷ್ಟು ಬಾಕಿ, ಸಾಲದ ಕಂತು ಯಾವತ್ತು, ಜಮೀನಿನ ಕಾಗದ ಯಾವ ಪೆಟ್ಟಿಗೆಯಲ್ಲಿ. ನಾಯಿಯ ಹೆಸರು ಕೂಡ ಬರೆಸಿ, ರಾತ್ರಿ ಕೊಟ್ಟಿಗೆಗೆ ಹೋಗುವವರಿಗೆ ಅದು ಬಹಳ ಮುಖ್ಯ. ಬರೆಯಲು ಬೇಸರವಾದರೆ ಅವರು ತೋಟದಲ್ಲಿ ನಡೆಯುತ್ತಾ ಮಾತಾಡಲಿ, ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಮಾಡಲಿ. ಇದನ್ನು ಆಪರೇಷನ್ನಿಗೆ ಮೊದಲೇ ಮಾಡಬೇಕು. "ಇದೆಲ್ಲ ಯಾಕೆ ಬರೆಸ್ತೀರಿ, ನಾನೇನು ಹೋಗ್ಬಿಡ್ತೀನಾ?" ಅಂತ ಕೆಲವರು ರೇಗುತ್ತಾರೆ. "ಇಲ್ಲಣ್ಣ, ನಾವು ಕೆಡಿಸಬಾರದು ಅಂತ" ಅಂದರೆ ಸುಮ್ಮನಾಗುತ್ತಾರೆ.

ಇನ್ನು ಆಸ್ಪತ್ರೆಯ ಫೈಲಿನ ಕಡೆ. ಸಹಾಯಕ್ಕೆ ನಿಂತವರಿಗೆ ರೋಗದ ವಿವರವೆಲ್ಲ ಬೇಕಿಲ್ಲ, ತಾರೀಕು ಬೇಕು. ಎಷ್ಟು ಹೇಳಬೇಕು ಅನ್ನುವುದು ರೋಗಿಯ ಇಷ್ಟ. ಬೋಳು ತಲೆಯ ಫೋಟೋ ಹಾಕಿ ಹಣ ಎತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೇಳದೆ ಹಾಕಬೇಡಿ.

ಕಿಮೋ ಆದ ದಿನಕ್ಕಿಂತ, ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆ ಹೊತ್ತಿಗೆ ವಾಂತಿ ನಿಂತಿರುತ್ತದೆ, ರೋಗಿಗೆ "ನಾನು ಹುಷಾರಾದೆ" ಅನ್ನಿಸಿ ಕೊಟ್ಟಿಗೆಗೆ ಇಳಿಯುತ್ತಾರೆ. ಕೊಟ್ಟಿಗೆಗೆ ಇಳಿಯಬಾರದ ವಾರ ಅದೇ. ಬೂಷ್ಟು ಹಿಡಿದ ಹುಲ್ಲು ಕೊಡವಿದರೆ ಅದರ ಧೂಳು ಶ್ವಾಸಕೋಶಕ್ಕೆ ಸೋಂಕು ತರಬಹುದು. ಸಗಣಿ, ಈಯುವ ಹಸುವಿನ ನೀರು, ಮಾಸು ಯಾವುದನ್ನೂ ಅವರು ಮುಟ್ಟಬಾರದು. ಹಾಗಾಗಿ ಮೊದಲ ದಿನಕ್ಕಿಂತ ಎರಡನೇ ವಾರಕ್ಕೆ ಆಳು ಜಾಸ್ತಿ ಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ನೋಡೋಣ ಅನ್ನುವಂತಿಲ್ಲ. ರಾತ್ರಿ ಎರಡಕ್ಕಾದರೂ ಆಸ್ಪತ್ರೆಗೆ ಹೊರಡಬೇಕು. ಎರಡಕ್ಕೆ ಗಾಡಿ ತರುವವರು ಯಾರು ಅಂತ ಹಗಲೇ ತೀರ್ಮಾನ ಆಗಿರಬೇಕು.

ರೇಡಿಯೇಶನ್ನಿನ ಕಷ್ಟ ಬೇರೆ. ಮೆಷೀನಿನ ಕೆಳಗೆ ಕೆಲವೇ ನಿಮಿಷ, ಆದರೆ ವಾರಕ್ಕೆ ಐದು ದಿನದಂತೆ ಹಲವು ವಾರ ಹೋಗಬೇಕಾಗಬಹುದು. ದೂರದ ಹಳ್ಳಿಯವರಿಗೆ ಇಡೀ ದಿನ ಅದರಲ್ಲೇ ಕಳೆಯುತ್ತದೆ. ಹೊಟ್ಟೆಯ ದೊಡ್ಡ ಆಪರೇಷನ್ ಆದವರು ಸುಮಾರು ಆರು ವಾರ ಭಾರ ಎತ್ತಬಾರದು. ರೈತರಿಗೆ "ಭಾರ" ಅಂದರೆ ಮೂಟೆ. ತುಂಬಿದ ಬಕೆಟ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ನಾನು ಬಕೆಟ್ಟನ್ನೇ ಹೆಸರು ಹೇಳಿ ಬೇಡ ಅನ್ನುತ್ತೇನೆ.

ಒಂದು ವಿಷಯ ನನ್ನನ್ನು ತುಂಬಾ ದಿನ ಕಾಡಿದೆ. ಗಂಡಸಿಗೆ ಕಾಯಿಲೆ ಬಂದರೆ ಜನ ಟ್ರ್ಯಾಕ್ಟರ್ ತಗೊಂಡು ಬರುತ್ತಾರೆ. ಹೆಂಗಸಿಗೆ ಬಂದರೆ ನೋಡಿಕೊಂಡು ಹೋಗಲು ಬರುತ್ತಾರೆ. ಅವಳ ಕೆಲಸಕ್ಕೆ ಹೆಸರಿಲ್ಲ. ಮೇವು ತರುವುದು, ಕರು ಕಟ್ಟುವುದು, ಕಳೆ ತೆಗೆಯುವುದು, ಬೀಜ ಆರಿಸಿ ಇಡುವುದು, ಅತ್ತೆಯ ಮಾತ್ರೆ, ಮಕ್ಕಳ ಸ್ಕೂಲು. ಇದೆಲ್ಲ ನಿಂತಾಗಲೇ ಅದು ಕೆಲಸ ಅಂತ ಮನೆಗೆ ಗೊತ್ತಾಗುವುದು. ಸ್ತನದ ಆಪರೇಷನ್ನಿನಲ್ಲಿ ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕೈಗೆ ಬಾವು ಬರುವ ಅಪಾಯ ವರ್ಷಗಟ್ಟಲೆ ಇರುತ್ತದೆ. ಕೈಗೆ ಗಾಯ, ಸೋಂಕು ಆಗದ ಹಾಗೆ ನೋಡಿಕೊಳ್ಳಬೇಕು. ಮೇವು ಕೊಯ್ಯುವ ಕೈ ಅದು, ಕುಡುಗೋಲು ತಾಗದ ದಿನ ಇದೆಯಾ? ಒಬ್ಬ ಹೆಣ್ಣುಮಗಳು ಸದಾ ತೋಳು ಮುಚ್ಚಿಕೊಂಡು ಬರುತ್ತಿದ್ದರು. ಸೆರಗು ಸರಿಸಿ ನೋಡಿದರೆ ಮೊಣಕೈವರೆಗೂ ಹುಲ್ಲು ಗೀರಿದ ಗೆರೆ. "ಬೇರೆ ಯಾರು ತರ್ತಾರೆ ಅಕ್ಕ?" ಅಂದರು. ಅವರ ಗಂಡ ಪಕ್ಕದಲ್ಲೇ ಇದ್ದರು. ಕೆಟ್ಟವರಲ್ಲ, ಅವರ ತಲೆಗೆ ಬಂದೇ ಇರಲಿಲ್ಲ. ಮರುವಾರದಿಂದ ಮೂರು ಮನೆಯವರು ಸರದಿಯಲ್ಲಿ ಮೇವಿನ ಹೊರೆ ತಂದು ಹಾಕಿದರು. ಅದಕ್ಕೆ ಒಬ್ಬರು ಹೋಗಿ ಹೇಳಬೇಕಾಯಿತು, ಅಷ್ಟೇ.

ಮನೆಯವರ ಪರವಾಗಿ ಹೀಗೆ ಹೇಳುವ ಆ ಒಬ್ಬರು ಇದ್ದರೆ ಅರ್ಧ ಕೆಲಸ ಆದ ಹಾಗೆ. ಹತ್ತಿರದ ನೆಂಟರಾಗಬೇಕಿಲ್ಲ, ಆಗದಿದ್ದರೇ ಒಳ್ಳೆಯದು. ಎರಡೂ ಕ್ಯಾಲೆಂಡರ್ ಅವರ ಹತ್ತಿರ ಇರಬೇಕು. ಮೊದಲ ಹದಿನೈದು ದಿನ ಸಹಾಯ ಹೊಳೆಯಂತೆ ಬರುತ್ತದೆ. ಚಿಕಿತ್ಸೆ ಆರು ತಿಂಗಳು ನಡೆಯಬಹುದು. ಮೊದಲಿಗೆ ಬೇಡವಾದಷ್ಟು ಜನ, ನಾಲ್ಕನೇ ತಿಂಗಳಿಗೆ ಯಾರೂ ಇಲ್ಲ. ಮೊದಲ ವಾರ ಬಂದವರಲ್ಲಿ ಅರ್ಧ ಜನರನ್ನು "ನಿಮ್ಮ ಸರದಿ ಮುಂದಿನ ಬಿತ್ತನೆಗೆ" ಅಂತ ವಾಪಸ್ ಕಳಿಸುವ ಧೈರ್ಯ ಆ ಒಬ್ಬರಿಗೆ ಬೇಕು.

ಇದನ್ನು ವ್ಯವಸ್ಥೆಯಾಗಿ ಮಾಡಿದವರೂ ಇದ್ದಾರೆ. ಫಿನ್ಲೆಂಡಿನಲ್ಲಿ ದನ ಸಾಕುವ ರೈತರು ಕಾಯಿಲೆ ಬಿದ್ದರೆ ಬದಲಿ ಕೆಲಸಗಾರರು ಸಿಗುವ ಹಾಗೆ ಕಾನೂನೇ ಇದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಿಲ್ ಗ್ರಾಸ್ ಅನ್ನುವ ಪೈಲಟ್ 2005ರಲ್ಲಿ ಫಾರ್ಮ್ ರೆಸ್ಕ್ಯೂ ಅಂತ ಸಂಸ್ಥೆ ಶುರು ಮಾಡಿದರು. ಅಲ್ಲಿನ ಸ್ವಯಂಸೇವಕರು ಯಂತ್ರದ ಸಮೇತ ಬಂದು ಬಿತ್ತಿಕೊಡುತ್ತಾರೆ, ಕಟಾವು ಮಾಡಿಕೊಡುತ್ತಾರೆ. ಆ ವರ್ಷದ ಬೆಳೆ ಕೈಗೆ ಬಂದರೆ ಮನೆ ತಾನೇ ನಿಲ್ಲುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಟ್ಟು ಮಾಡುವುದಾದರೆ ಒಂದೇ ಖಾತೆ, ಮನೆಯವರ ಹೆಸರಿನಲ್ಲಿ, ಲೆಕ್ಕ ಪುಸ್ತಕದಲ್ಲಿ. ಸಾಲದ ಕಂತು ತಪ್ಪಿದ ಮೇಲೆ ಸಾಲ ಕೊಟ್ಟವರ ಹತ್ತಿರ ಹೋಗಬೇಡಿ, ತಪ್ಪುವ ಮೊದಲೇ ಡಾಕ್ಟರ ಪತ್ರ ಹಿಡಿದು ಹೋಗಿ ಗಡುವು ಕೇಳಿ. ಗಾಬರಿಯಲ್ಲಿ ಹಸು ಮಾರಿಸುವವರು ಮೊದಲ ವಾರವೇ ಬರುತ್ತಾರೆ. ಅವರನ್ನು ಸ್ವಲ್ಪ ದಿನ ದೂರ ಇಡಿ.

ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದಾಗ ಜನ ಬರುವುದನ್ನು ಕಡಿಮೆ ಮಾಡುತ್ತಾರೆ. ಏನು ಮಾತಾಡಬೇಕು ಅಂತ ತಿಳಿಯದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ಕಟ್ಟಿದ ಸಿಸಿಲಿ ಸಾಂಡರ್ಸ್, ಡಾಕ್ಟರ್ ಆಗುವ ಮೊದಲು ನರ್ಸ್ ಆಗಿದ್ದರು, ನನ್ನ ಹಾಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೂ ಆಗಿದ್ದರು. ನೋವು ಮೈಯಲ್ಲಷ್ಟೇ ಇರುವುದಿಲ್ಲ, ಮನಸ್ಸಿನದು, ಸಂಸಾರದ್ದು, ದುಡ್ಡಿನದು ಎಲ್ಲ ಕಲೆತಿರುತ್ತದೆ ಅಂತ ಅವರು ಹೇಳಿಕೊಟ್ಟರು. ನೋವು ಇಳಿಸುವ ಮಾರ್ಫಿನ್ ಏರಿಸಿದರೂ ನಿದ್ದೆ ಬಾರದವರ ಹತ್ತಿರ ನಾನು ಕೂತು "ಹೊಲ ಯಾರು ನೋಡ್ಕೋತಿದಾರೆ?" ಅಂತ ಕೇಳುತ್ತೇನೆ. ಮಾರ್ಫಿನ್ ಬೇಡ ಅಂತ ಇದರರ್ಥ ಅಲ್ಲ. ಎರಡೂ ಬೇಕು.

ಕಟಾವಿಗೆ ಅಂತ ಕಿಮೋ ತಪ್ಪಿಸಿದ್ದರಲ್ಲ, ಆ ರೈತರ ಮುಂದಿನ ಬೆಳೆಯನ್ನು ನೆರೆಯವರೇ ಕೊಯ್ದರು. ನಾನು ಮನೆ ಭೇಟಿಗೆ ಹೋದಾಗ ಒಕ್ಕಣೆ ನಡೆಯುತ್ತಿತ್ತು. ಧೂಳು ಬಾರದ ಕಡೆ ಒಂದು ಕುರ್ಚಿ ಹಾಕಿ ಅವರನ್ನು ಕೂರಿಸಿದ್ದರು. ಒಬ್ಬ ಹುಡುಗ ಒಣಗಿದೆಯಾ ನೋಡಿ ಅಂತ ಒಂದು ಹಿಡಿ ಕಾಳು ತಂದು ಕೊಟ್ಟ. ಅವರು ಬೆರಳಲ್ಲಿ ಉಜ್ಜಿದರು. ಮತ್ತೆ ಉಜ್ಜಿದರು. ಕೆಲವು ಕಿಮೋ ಔಷಧಗಳು ಬೆರಳ ತುದಿ ಮರಗಟ್ಟಿಸುತ್ತವೆ. "ಕೈಗೆ ಹದ ಗೊತ್ತಾಗ್ತಿಲ್ಲ" ಅಂದರು. ಆಮೇಲೆ ಹುಡುಗನ ಅಂಗೈಗೇ ಕಾಳು ವಾಪಸ್ ಸುರಿದು, "ನೀನೇ ಒಂದು ಕಚ್ಚು. ಟಕ್ ಅಂತಾ, ಮೆತ್ತಗಾಗುತ್ತಾ?" ಅಂತ ಕೇಳಿದರು. ಹುಡುಗ ಕಚ್ಚಿದ. "ಮೆತ್ತಗಿದೆ ಅನ್ಸುತ್ತೆ ಮಾವ."

"ಹಾಗಾದ್ರೆ ಇನ್ನೊಂದು ಬಿಸಿಲು ಬೇಕು. ಚೀಲಕ್ಕೆ ತುಂಬಬೇಡಿ ಅಂತ ಹೇಳು ಹೋಗು."