ಹರಿಯದ ನೋಟು, ನಿಲ್ಲದ ಶಾಯಿ

ಪ್ಲಾಸ್ಟಿಕ್ ನೋಟು ಅಂದರೆ ಆಸ್ಟ್ರೇಲಿಯಾ ಎಂದೇ ಎಲ್ಲರೂ ಹೇಳುತ್ತಾರೆ. 1988ರಲ್ಲಿ ಅಲ್ಲಿ 10 ಡಾಲರಿನ ಪಾಲಿಮರ್ ನೋಟು ಬಂದದ್ದು ನಿಜ. ಆದರೆ ಅದಕ್ಕೂ ಐದು ವರ್ಷ ಮೊದಲೇ ಐರಿಷ್ ಸಮುದ್ರದ ಪುಟ್ಟ ದ್ವೀಪ ಐಲ್ ಆಫ್ ಮ್ಯಾನ್ ಒಂದು ಪೌಂಡಿನ ಪ್ಲಾಸ್ಟಿಕ್ ನೋಟನ್ನು ಚಲಾವಣೆಗೆ ಬಿಟ್ಟಿತ್ತು. ಹೈಟಿ, ಕೋಸ್ಟರಿಕಾಗಳೂ ಆಗ ಇದೇ ಸಾಹಸಕ್ಕೆ ಇಳಿದಿದ್ದವು. ಮೂರೂ ಕಡೆ ಶಾಯಿ ಕೈಕೊಟ್ಟಿತು.

ಈ ದ್ವೀಪದಲ್ಲಿ 1961ರವರೆಗೆ ಖಾಸಗಿ ಬ್ಯಾಂಕುಗಳೇ ನೋಟು ಹೊರಡಿಸುತ್ತಿದ್ದವು. ಆ ವರ್ಷ ಸರ್ಕಾರ ಆ ಅಧಿಕಾರವನ್ನು ತಾನೇ ವಹಿಸಿಕೊಂಡು 10 ಶಿಲ್ಲಿಂಗ್, 1 ಪೌಂಡ್, 5 ಪೌಂಡಿನ ನೋಟು ತಂದಿತು. ನೋಟಿನ ಮುಂಬದಿಯಲ್ಲಿ ರಾಣಿ ಎಲಿಜಬೆತ್, ಜೊತೆಗೆ ದ್ವೀಪದ ಮೂರು ಕಾಲುಗಳ ಲಾಂಛನ. ಒಂದು ಪೌಂಡಿನ ಹಿಂದೆ ಟಿನ್‌ವಾಲ್ಡ್ ದಿಬ್ಬ. ಹೊಸ ಕಾನೂನುಗಳನ್ನು ಸಾರುವುದು ಅಲ್ಲಿಯೇ. ಅತಿ ಹೆಚ್ಚು ಕೈ ಬದಲಾಗಿ ಬೇಗ ಹಣ್ಣಾಗುವುದು ಸಣ್ಣ ನೋಟು. ಹಾಗಾಗಿ ಪ್ಲಾಸ್ಟಿಕ್ಕಿನ ಪ್ರಯೋಗವೂ ಒಂದು ಪೌಂಡಿನ ನೋಟಿನ ಮೇಲೆಯೇ ನಡೆಯಿತು.

ಬಳಸಿದ ವಸ್ತು ಡ್ಯುಪಾಂಟ್ ಕಂಪನಿಯ ಟೈವೆಕ್. ಮುದ್ರಿಸಿದ ಬ್ರ್ಯಾಡ್‌ಬರಿ ವಿಲ್ಕಿನ್ಸನ್ ಅದನ್ನು ‘ಬ್ರ್ಯಾಡ್‌ವೆಕ್’ ಎಂದು ಕರೆಯಿತು. ಪಾಲಿಥೀನನ್ನು ದ್ರಾವಕದಲ್ಲಿ ಕರಗಿಸಿ, ಒತ್ತಡದಲ್ಲಿ ಸಣ್ಣ ತೂತಿನಿಂದ ಚಿಮ್ಮಿಸಿದರೆ ದ್ರಾವಕ ಥಟ್ಟನೆ ಆವಿಯಾಗಿ ನವಿರಾದ ಎಳೆಗಳು ಉಳಿಯುತ್ತವೆ. ಅವನ್ನು ಹಾಸಿ, ಬಿಸಿಯಲ್ಲಿ ಒತ್ತಿದರೆ ಹಾಳೆ ಸಿದ್ಧ. ಎಳೆದರೆ ಹರಿಯದು, ನೀರಿಗೆ ಜಗ್ಗದು.

ಗೋಳೆಲ್ಲ ಮೇಲ್ಮೈಯದು. ಮಾಮೂಲಿ ನೋಟಿನ ಹತ್ತಿ ಕಾಗದದ ನಾರುಗಳು ಶಾಯಿಯ ಎಣ್ಣೆಯನ್ನು ಹೀರುತ್ತವೆ. ಬಣ್ಣ ನಾರಿನ ಸಂದಿಗಳಲ್ಲಿ ಬೇರೂರಿ ಒಣಗುತ್ತದೆ. ಪಾಲಿಥೀನಿನ ಎಳೆ ಏನನ್ನೂ ಹೀರದು. ಅದರ ಅಣುಗಳಲ್ಲಿ ಇರುವುದು ಇಂಗಾಲ, ಜಲಜನಕ ಎರಡೇ. ಶಾಯಿಯನ್ನು ಹಿಡಿದಿಡುವ ವಿದ್ಯುತ್ ಸೆಳೆತ ಅಲ್ಲಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಶಾಯಿ ಹರಡಿ ಅಂಟುವ ಬದಲು ಮುದುರಿಕೊಳ್ಳುತ್ತದೆ. ಮುದ್ರಣಕ್ಕೆ ಮೊದಲು ವಿದ್ಯುತ್ ಕಿಡಿಯ ಉಪಚಾರ ಕೊಟ್ಟು ಮೇಲ್ಮೈಗೆ ಆಮ್ಲಜನಕದ ಗುಂಪುಗಳನ್ನು ಕೂರಿಸಬಹುದು, ಆದರೆ ದಿನ ಕಳೆದಂತೆ ಆ ಗುಣ ಇಳಿಯುತ್ತದೆ. ಇನ್ನು ನೋಟನ್ನು ಮಡಚಿದಾಗ ಎಳೆ ಬಾಗುತ್ತದೆ, ಒಣಗಿ ಗಡುಸಾದ ಶಾಯಿಪದರ ಬಾಗದೆ ಬಿರುಕು ಬಿಡುತ್ತದೆ; ಬೆವರು ಕೈ ತಿಕ್ಕಿದರೆ ಚಕ್ಕೆ ಉದುರುತ್ತದೆ. ಮಡಿಕೆಯ ಗೆರೆಯಲ್ಲೇ ಬಣ್ಣ ಮೊದಲು ಹೋಗುವುದು ಅದಕ್ಕೇ. ಗಟ್ಟಿ ನೋಟಿನ ಮೇಲೆ ಮಾಸಿದ ರಾಣಿ! ದ್ವೀಪ ಮತ್ತೆ ಕಾಗದಕ್ಕೆ ಮರಳಿತು.

ಆಸ್ಟ್ರೇಲಿಯಾದ ವಿಜ್ಞಾನಿಗಳು ಎಳೆಯ ಹಾಳೆಯನ್ನೇ ಬಿಟ್ಟು ಪಾಲಿಪ್ರೊಪಿಲೀನಿನ ನುಣುಪು ಪೊರೆಯನ್ನು ಹಿಡಿದರು. ಅದನ್ನು ಎರಡೂ ದಿಕ್ಕಿಗೆ ಎಳೆದು ಬಲಗೊಳಿಸಿ, ಮೇಲೆ ಬಿಳಿ ಪದರ ಬಳಿದು, ಅದರ ಮೇಲೆ ಚಿತ್ರ ಮುದ್ರಿಸಿ, ಕೊನೆಗೆ ವಾರ್ನಿಷ್ ಹೊದಿಸಿದರು. ಶಾಯಿ ಪ್ಲಾಸ್ಟಿಕ್ಕನ್ನು ನೇರ ಅಂಟಬೇಕಿಲ್ಲ, ಕೈ ಶಾಯಿಯನ್ನು ನೇರ ತಾಗುವುದಿಲ್ಲ. ಬಿಳಿ ಬಳಿಯದೆ ಬಿಟ್ಟ ಜಾಗವೇ ಪಾರದರ್ಶಕ ಕಿಟಕಿ. ಈ ಪೊರೆಗೂ ಒಂದು ಕುಂದಿದೆ: ಅಂಚಿನಲ್ಲಿ ಸಣ್ಣ ಗೀರು ಬಿದ್ದರೆ ಸರ್ರನೆ ಹರಿಯುತ್ತದೆ. ನಮ್ಮಲ್ಲೂ 10 ರೂಪಾಯಿಯ ಪ್ಲಾಸ್ಟಿಕ್ ನೋಟಿನ ಪರೀಕ್ಷೆಗೆ ಗೊತ್ತುಮಾಡಿದ ಐದು ಊರುಗಳಲ್ಲಿ ಮೈಸೂರೂ ಒಂದಾಗಿತ್ತು.

ಹಳೆಯ ಬ್ರ್ಯಾಡ್‌ವೆಕ್ ನೋಟು ಸಿಕ್ಕಿದವರು ಬೆಳಕಿಗೆ ಹಿಡಿದು ನೋಡಲಿ, ಅಡ್ಡಾದಿಡ್ಡಿ ಎಳೆಗಳು ಕಾಣುತ್ತವೆ. ಪಿವಿಸಿ ಕವರಿನಲ್ಲಿ ಇಡಬೇಡಿ, ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಸೋರಿ ಶಾಯಿಯನ್ನು ಕೆಡಿಸುತ್ತದೆ. ಸುಕ್ಕು ತೆಗೆಯಲು ಇಸ್ತ್ರಿಯಂತೂ ಬೇಡವೇ ಬೇಡ: ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಪಾಲಿಥೀನ್ ಕರಗುತ್ತದೆ, ಹತ್ತಿ ಬಟ್ಟೆಗೆ ಇಡುವ ಇಸ್ತ್ರಿಯ ಬಿಸಿ ಅದಕ್ಕಿಂತ ಹೆಚ್ಚು.